ಹದಿನಾರು ಎಂಎಂ ವೈರು

ಫೆಬ್ರವರಿ 9, 2025, ಭಾನುವಾರ
ಶಿವಮೊಗ್ಗ

ವೈಪರ್ ಡಬ್ಬಿಗೆ ನೀರು ಹಾಕೋಣವೆಂದು ಬೆಳಿಗ್ಗೆ ಗಾಡಿಯ ಬಾನೆಟ್ ಎತ್ತಿದೆ. ಬ್ಯಾಟರಿಯಿಂದ ಕ್ಯಾಬಿನ್ನಿನೊಳಗೆ ಹೋಗುವ ಕೆಂಪು ವೈರು ಕೆಂಪಾಗಿ ಉಳಿದಿರಲಿಲ್ಲ, ಕಾಫಿಪುಡಿಯ ಬಣ್ಣಕ್ಕೆ ಬಂದಿತ್ತು. ಉಗುರಿನಿಂದ ಒತ್ತಿದರೆ ಮೇಲಿನ ಪ್ಲಾಸ್ಟಿಕ್ ಹಪ್ಪಳದಂತೆ ಒಡೆಯಿತು. ಅದರ ಬೆನ್ನು ಹಿಡಿದು ಹೋದೆ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿಗೆ ಡ್ರಿಲ್ ಹೊಡೆದು ತೂತು ಮಾಡಿದ್ದಾರೆ, ಅದಕ್ಕೆ ರಬ್ಬರ್ ಗ್ರಾಮೆಟ್ ಹಾಕಿಲ್ಲ. ತಗಡಿನ ಅಂಚು ವೈರಿನ ಚರ್ಮ ತಿಂದು ತಾಮ್ರ ಹೊಳೆಯುತ್ತಿದೆ. ಅಲ್ಲಿಂದ ಹಿಂದಿನ ಬ್ಯಾಟರಿಯ ತನಕ ಎಲ್ಲಿ ಹುಡುಕಿದರೂ ಒಂದು ಫ್ಯೂಸ್ ಇಲ್ಲ.

ಹೋದ ವರ್ಷ ಈ ವಿ-ಕ್ರಾಸ್ ಪಿಕಪ್ಪನ್ನು ಸೆಕೆಂಡ್‌ಹ್ಯಾಂಡ್ ತಂದಾಗ (2018ರ ಗಾಡಿ) ಒಂದು ಅಂಗಡಿಯಲ್ಲಿ ಎರಡನೇ ಬ್ಯಾಟರಿ ಹಾಕಿಸಿದ್ದೆವು. ಮುಂದಿನ ಬ್ಯಾಟರಿಗೂ ಹಿಂದಿನದಕ್ಕೂ 4 ಎಂಎಂ ವೈರು ನೇರ ಜೋಡಿಸಿ ಕಳಿಸಿದ್ದರು. ಪ್ರತಿ ಸಲ ಸೆಲ್ಫ್ ಹೊಡೆದಾಗಲೂ ಸ್ಟಾರ್ಟರ್ ಮೋಟರು ನೂರಾರು ಆಂಪಿಯರ್ ಎಳೆಯುತ್ತದೆ. ಮುಂದಿನ ಬ್ಯಾಟರಿ ಕೊಟ್ಟಷ್ಟು ಕೊಟ್ಟು, ಉಳಿದದ್ದನ್ನು ಹಿಂದಿನದರಿಂದ ಈ ಸಣ್ಣ ವೈರಿನ ಮೂಲಕವೇ ಕೇಳುತ್ತದೆ. ವರ್ಷವಿಡೀ ದಿನಕ್ಕೆ ನಾಲ್ಕಾರು ಬಾರಿ ಅದು ಹೀಗೆ ಸ್ವಲ್ಪ ಸ್ವಲ್ಪ ಬೆಂದಿದೆ. ಇಪ್ಪತ್ತಾರು ವರ್ಷದಿಂದ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುವ ನಾನು ಆ ದಿನ ಅಂಗಡಿಯಲ್ಲಿ ಬಿಲ್ಲು ನೋಡಿದೆ, ಕೆಲಸ ನೋಡಲಿಲ್ಲ. ಇದು ನನ್ನನ್ನು ಇಡೀ ದಿನ ಚುಚ್ಚಿದೆ.

ಎರಡೂ ತುದಿ ಬಿಚ್ಚಿ ಟೇಪ್ ಸುತ್ತಿ ಬಂದು ಇವರಿಗೆ ಹೇಳಿದೆ. ಇವರು ಪೇಪರ್ ಮಡಿಸಿಟ್ಟು, "ಹಾಗಾದರೆ ಸ್ಪಿತಿ?" ಎಂದಷ್ಟೇ ಕೇಳಿದರು.

ಮೇ 31ಕ್ಕೆ ಇವರ ನಿವೃತ್ತಿ, ಅದಾದ ಮೇಲೆ ಇದೇ ಗಾಡಿಯಲ್ಲಿ ಹಿಮಾಲಯದ ಸ್ಪಿತಿಗೆ ಹೋಗುವುದೆಂದು ಮಾತಾಗಿತ್ತು. ಪಿಯು ಮಕ್ಕಳಿಗೆ ಮೂವತ್ತು ವರ್ಷ ಭೂಗೋಳ ಹೇಳಿದ್ದಾರೆ. ಟೆಥಿಸ್ ಎಂಬ ಸಮುದ್ರವಿತ್ತು, ಸುಮಾರು 5 ಕೋಟಿ ವರ್ಷಗಳ ಹಿಂದೆ ನಮ್ಮ ಭೂಭಾಗ ಏಷ್ಯಾಕ್ಕೆ ಗುದ್ದಿದಾಗ ಅದರ ತಳ ಮಡಿಕೆ ಮಡಿಕೆಯಾಗಿ ಮೇಲೆದ್ದು ಹಿಮಾಲಯವಾಯಿತು ಎಂದು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದಾರೆ. ಆ ತಳವನ್ನು ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ಸ್ಪಿತಿಯ ಲಾಂಗ್ಜಾದಲ್ಲಿ 4,400 ಮೀಟರ್ ಎತ್ತರದ ಹೊಲದಂಚಿನ ಕಲ್ಲುಗಳಲ್ಲಿ ಸಮುದ್ರದ ಜೀವಿಗಳ ಅಚ್ಚು ಸಿಗುತ್ತದೆ. ಒಂದನ್ನೂ ಎತ್ತಿ ತರುವುದಿಲ್ಲ, ಮುಟ್ಟಿ ನೋಡಿ ಬರುತ್ತೇನೆ ಎನ್ನುತ್ತಾರೆ. ಆದರೆ ಇವರಿಗೆ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಬೇಕು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಹೆಚ್ಚು ಕಾದರೆ ಶಕ್ತಿ ಕಳೆದುಕೊಳ್ಳುತ್ತದೆ, ಒಮ್ಮೆ ಹೆಪ್ಪುಗಟ್ಟಿದರೆ ಬಿಸಾಡಬೇಕು. ಹೋಗಿಬರಲು 25 ದಿನ. ಗಾಡಿಯಲ್ಲಿ ಫ್ರಿಜ್ ಬೇಕು ಎಂದಿದ್ದು ತಣ್ಣನೆಯ ನೀರಿಗಲ್ಲ.

ಫೆಬ್ರವರಿ 11, ಮಂಗಳವಾರ

ಕಾಲೇಜು ಬಿಟ್ಟಮೇಲೆ ಸುಟ್ಟ ವೈರನ್ನು ಕವರಿನಲ್ಲಿ ಹಾಕಿಕೊಂಡು ಆಟೋ ಕಾಂಪ್ಲೆಕ್ಸಿಗೆ ಹೋದೆ. ಅಲ್ಲಿ ಒಬ್ಬರು ಹಳೆಯ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ, ಎಲ್ಲರೂ ಮೇಸ್ತ್ರಿ ಎಂದೇ ಕರೆಯುವುದು. ಲಾರಿಗಳ ಡೈನಮೋ ಬಿಚ್ಚಿ ಬಿಚ್ಚಿ ಬೆರಳ ಗೆರೆಗಳೆಲ್ಲ ಕಪ್ಪಾಗಿವೆ. ವೈರನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಮೇಡಂ, ಈ ವೈರು ಉರಿದಿಲ್ಲ ಅನ್ನೋದೇ ದೊಡ್ಡದು. ಬ್ಯಾಟ್ರಿ ಹತ್ರ ಫ್ಯೂಸ್ ಯಾಕಿಲ್ಲ ಕೇಳಿದ್ರೆ, ಹಿಂದೆ ಲೈಟ್ ಹತ್ರ ಇದೆ ಅಂತಾರೆ. ಫ್ಯೂಸ್ ಇರೋದು ಲೈಟ್ ಕಾಯಕ್ಕಲ್ಲ, ವೈರ್ ಕಾಯಕ್ಕೆ."

ಈ ಮಾತನ್ನು ನಾನೂ ತರಗತಿಯಲ್ಲಿ ಹೇಳುತ್ತೇನೆ. ಅವರ ಕೈಯಲ್ಲಿ ಸುಟ್ಟ ವೈರು ಇತ್ತು, ನನ್ನ ಕೈಯಲ್ಲಿ ಯಾವತ್ತೂ ಸೀಮೆಸುಣ್ಣ. ಭಾನುವಾರಗಳಂದು ನಮ್ಮ ಮನೆಗೇ ಬಂದು ನನ್ನ ಜೊತೆ ಕೂತು ಕೆಲಸ ಮಾಡಿಕೊಡಬೇಕು, ಕೈ ನನ್ನದೇ ಆಗಿರಬೇಕು ಎಂದೆ. ಒಪ್ಪಿದರು.

ಫೆಬ್ರವರಿ 23, ಭಾನುವಾರ

ಇಂದು ಗಾಡಿ ಮುಟ್ಟಲಿಲ್ಲ. ಜಗಲಿಯಲ್ಲಿ ಕೂತು ಲೆಕ್ಕ ಬರೆದೆವು.

ಕಂಪ್ರೆಸರ್ ಇರುವ 12 ವೋಲ್ಟಿನ ಫ್ರಿಜ್ ಓಡುವಾಗ 45 ವ್ಯಾಟ್, ಅಂದರೆ ಸುಮಾರು 4 ಆಂಪಿಯರ್. ಬೇಸಗೆಯಲ್ಲಿ ಅರ್ಧ ಹೊತ್ತು ಓಡುತ್ತದೆಂದು ಹಿಡಿದರೆ ದಿನಕ್ಕೆ 48 ಆಂಪಿಯರ್-ಅವರ್. ಎಲ್‌ಇಡಿ ದೀಪ, ಎರಡು ಫೋನು, ರಾತ್ರಿಯ ಸಣ್ಣ ಫ್ಯಾನು ಸೇರಿ ಇನ್ನೊಂದು ಹತ್ತು ಹನ್ನೆರಡು. ಒಟ್ಟು 60. ಮಾಮೂಲಿ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಬೇಗ ಸಾಯುತ್ತದೆ, ಆದ್ದರಿಂದ 60 ಬೇಕಾದರೆ 120ರದ್ದು ಹೊರಬೇಕು. 100 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 80ರಷ್ಟು ಧಾರಾಳವಾಗಿ ಕೊಡುತ್ತದೆ, ತೂಕವೂ ಬಹಳ ಕಡಿಮೆ. ಅದಕ್ಕೊಂದು ಹಟವಿದೆ: ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವಂತಿಲ್ಲ. ಮಾಡಿದರೆ ಒಳಗೆ ಲಿಥಿಯಂ ಲೋಹ ಪದರಗಟ್ಟಿ ಸೆಲ್ ಶಾಶ್ವತವಾಗಿ ಕೆಡುತ್ತದೆ. ಸ್ಪಿತಿಯ ರಾತ್ರಿ ಜೂನ್ ಮೊದಲಿನಲ್ಲೂ ಸೊನ್ನೆಯ ಹತ್ತಿರ ಸುಳಿಯಬಹುದು. ಹಾಗಾಗಿ ಬ್ಯಾಟರಿ ಹಿಂದಿನ ತೆರೆದ ಡಾಲಾದಲ್ಲಿ ಬೇಡ, ನಾವು ಕೂರುವ ಕ್ಯಾಬಿನ್ನಿನಲ್ಲೇ, ಹಿಂದಿನ ಸೀಟಿನ ಕೆಳಗೆ ಎಂದು ತೀರ್ಮಾನವಾಯಿತು.

ಆಮೇಲೆ ವೈರಿನ ಲೆಕ್ಕ. ಮುಂದಿನಿಂದ ಸೀಟಿನ ತನಕ ಹೋಗಿಬರುವ ದಾರಿ 9 ಮೀಟರ್. 25 ಆಂಪಿಯರ್ ಹರಿದರೆ 4 ಎಂಎಂ ವೈರಿನಲ್ಲೇ ಹೆಚ್ಚುಕಡಿಮೆ 1 ವೋಲ್ಟ್ ಕಳೆದುಹೋಗುತ್ತದೆ. ಡೈನಮೋ ಕೊಡುವ 14.2ರಲ್ಲಿ ಹಿಂದೆ ತಲುಪುವುದು 13.2. ಅಂಗಡಿಯವರು ಹಾಕಿದ ಬ್ಯಾಟರಿ ಎಂದೂ ಯಾಕೆ ಪೂರ್ತಿ ತುಂಬಲಿಲ್ಲ ಎಂಬುದಕ್ಕೆ ಉತ್ತರ ಇಲ್ಲೇ ಇತ್ತು. 16 ಎಂಎಂ ವೈರಾದರೆ ಕಳೆಯುವುದು ಕಾಲು ವೋಲ್ಟ್ ಮಾತ್ರ.

ಇವರು ಪಕ್ಕದಲ್ಲಿ ಕೂತು, ಇಷ್ಟು ಸಣ್ಣ ಫ್ರಿಜ್ಜಿಗೆ ಇಷ್ಟು ದಪ್ಪ ವೈರು ಯಾಕೆ ಎಂದರು. ನಮ್ಮ ಜಿಲ್ಲೆಯದೇ ಉದಾಹರಣೆ ಕೊಟ್ಟೆ. ಶರಾವತಿಯ 1,035 ಮೆಗಾವ್ಯಾಟಿನ ವಿದ್ಯುದಾಗಾರದಿಂದ ಕರೆಂಟು ಕಾಡು ದಾಟಿ ಹೋಗುವುದು 220 ಕಿಲೋವೋಲ್ಟಿನಲ್ಲಿ. ವೋಲ್ಟೇಜು ಏರಿಸಿದಷ್ಟೂ ಅದೇ ಶಕ್ತಿಗೆ ಆಂಪಿಯರ್ ಇಳಿಯುತ್ತದೆ, ತಂತಿ ಸಣ್ಣದಾದರೂ ನಡೆಯುತ್ತದೆ. ಗಾಡಿಯಲ್ಲಿ ನಮಗಿರುವುದು ಹನ್ನೆರಡೇ ವೋಲ್ಟು. ಇಲ್ಲಿ ತಾಮ್ರ ಉಳಿಸಿದರೆ ಅದು ಬೆಂಕಿಯಾಗಿ ಬರುತ್ತದೆ.

ಮಾರ್ಚ್ 8, ಶನಿವಾರ

ಜನಶತಾಬ್ದಿಯಲ್ಲಿ ಬೆಂಗಳೂರಿಗೆ ಹೋಗಿ ಬಂದೆ. ಎಸ್‌.ಪಿ. ರಸ್ತೆಯಲ್ಲಿ ತವರ ಲೇಪಿಸಿದ ತಾಮ್ರದ ವೈರು, ವೈರಿನ ತುದಿಗೆ ಕೂರಿಸುವ ಲಗ್ಗುಗಳು, ಒಳಗೆ ಅಂಟಿರುವ ಹೀಟ್‌ಶ್ರಿಂಕ್, ಆಂಪಿಯರ್-ಅವರ್ ಎಣಿಸುವ ಮೀಟರ್ ಸಿಕ್ಕಿದವು. ಜೆ.ಸಿ. ರಸ್ತೆಯಲ್ಲಿ ಡೋರ್ ಪ್ಯಾಡಿನ ಕ್ಲಿಪ್ಪು, ಬೀಡಿಂಗು, ಬ್ಯೂಟೈಲ್ ಶೀಟು. ಪ್ರತಿ ಅಂಗಡಿಯಲ್ಲೂ ಚಾವಣಿಯ ಮೇಲೆ ಉದ್ದನೆಯ ಲೈಟ್ ಬಾರ್ ಹಾಕಿಸಿ ಎಂದು ಒತ್ತಾಯ. ಬೇಡವೆಂದೆ. ಎದುರು ಬರುವವರ ಕಣ್ಣು ಕುಕ್ಕಿ ನಾವು ದಾರಿ ನೋಡುವುದು ನನಗೆ ಒಪ್ಪದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಇದೆ, ಆರ್‌ಸಿಯಲ್ಲಿ ಬರೆದ ಗಾಡಿಯ ರೂಪವನ್ನು ನಮ್ಮಿಷ್ಟಕ್ಕೆ ಬದಲಿಸುವಂತಿಲ್ಲ. ನಾವು ಮಾಡುವ ಎಲ್ಲವೂ ಸೀಟಿನ ಕೆಳಗೆ, ಪ್ಯಾಡಿನ ಹಿಂದೆ ಇರುತ್ತದೆ. ವಿಮೆಯವರಿಗೆ ಮಾತ್ರ ಪತ್ರ ಬರೆದು ಹೊಸ ಎಲೆಕ್ಟ್ರಿಕಲ್ ಸಾಮಾನನ್ನು ಪಾಲಿಸಿಯಲ್ಲಿ ಸೇರಿಸಬೇಕು.

ಮಾರ್ಚ್ 16, ಭಾನುವಾರ

ಈ ದಿನವನ್ನು ಮರೆಯಬಾರದೆಂದು ವಿವರವಾಗಿ ಬರೆಯುತ್ತಿದ್ದೇನೆ.

ಲಗ್ಗಿಗೆ ಸೀಸ ಹಾಕಿ ಕೂರಿಸುವುದೋ, ಒತ್ತಿ ಕೂರಿಸುವುದೋ ಎಂಬಲ್ಲಿ ಮೇಸ್ತ್ರಿಗೂ ನನಗೂ ವಾದ ಹತ್ತಿತು. ಅವರು ಮೊದಲಿನಿಂದಲೂ ಸೀಸದವರು. ಒಂದು ತುಂಡು ವೈರಿಗೆ ಸೀಸ ಕುಡಿಸಿ ಲಗ್ಗು ಕೂರಿಸಿದರು. ನಾನು ಇನ್ನೊಂದನ್ನು ಹೈಡ್ರಾಲಿಕ್ ಕ್ರಿಂಪಿಂಗ್ ಟೂಲಿನಲ್ಲಿ ಆರು ಮೂಲೆಯ ಅಚ್ಚಿಗೆ ಕೊಟ್ಟು ಒತ್ತಿದೆ. ಎರಡನ್ನೂ ವೈಸಿಗೆ ಕಚ್ಚಿಸಿ ಅತ್ತಿತ್ತ ಬಗ್ಗಿಸುತ್ತ ಎಣಿಸಿದೆವು. ಸೀಸ ಹಾಕಿದ್ದರ ಲಗ್ಗು ಭದ್ರವಾಗಿಯೇ ಇತ್ತು. ಆದರೆ ಸೀಸ ಎಳೆಗಳೊಳಗೆ ಹತ್ತಿ ಎಲ್ಲಿ ನಿಂತಿತ್ತೋ ಆ ಗೆರೆಯಲ್ಲೇ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾದವು. ಒತ್ತಿದ್ದು ಕೊನೆತನಕ ಬಗ್ಗುತ್ತಲೇ ಇತ್ತು. ಅಲುಗಾಡದ ಕಡೆ ಸೀಸಕ್ಕೆ ದೋಷವಿಲ್ಲ. ಗಾಡಿಯಲ್ಲಿ ಅಲುಗಾಡದ ಜಾಗವೇ ಇಲ್ಲ.

ಮೇಸ್ತ್ರಿ ಮುರಿದ ತುದಿಯನ್ನು ಬಹಳ ಹೊತ್ತು ನೋಡಿದರು. "ನಲವತ್ತು ವರ್ಷದಲ್ಲಿ ಎಷ್ಟೋ ವೈರು ಇಲ್ಲೇ ಕಟ್ಟಾಗಿ ವಾಪಸ್ ಬಂದಿದ್ದಾವೆ ಮೇಡಂ. ವೈರಿನ ಕ್ವಾಲಿಟಿ ಸರಿ ಇಲ್ಲ ಅಂದ್ಕೊಂಡಿದ್ದೆ." ಆಮೇಲೆ ಟೂಲ್ ಕೇಳಿ ಪಡೆದು ತಾವೇ ನಾಲ್ಕು ಲಗ್ಗು ಒತ್ತಿದರು. ಅವರ ವಯಸ್ಸಿನಲ್ಲಿ ಈ ಮಾತು ಆಡಲು ಬಹಳ ದೊಡ್ಡ ಮನಸ್ಸು ಬೇಕು.

ನನಗೆ ಅವರು ಕಲಿಸಿದ್ದು ಅರ್ಥ್. ನಾನು ನಕ್ಷೆಯಲ್ಲಿ ಮೂರು ಗೆರೆ ಎಳೆದು ಬಿಟ್ಟುಬಿಡುವ ಆ ಜಾಗಕ್ಕೆ ಅವರು ಒಂದು ಗಂಟೆ ತೆಗೆದುಕೊಂಡರು. ಬಾಡಿಯ ಬಣ್ಣವನ್ನು ಮರಳುಕಾಗದದಲ್ಲಿ ಉಜ್ಜಿ ಬೆಳ್ಳಿಯ ಹಾಗೆ ಹೊಳೆಯುವ ತನಕ ಬಿಡಲಿಲ್ಲ. ಹಲ್ಲಿನ ವಾಷರ್, ಅದರ ಮೇಲೆ ಲಗ್ಗು, ಬೋಲ್ಟು ಬಿಗಿದ ಮೇಲೆ ಸುತ್ತ ಗ್ರೀಸು. "ಹತ್ತರಲ್ಲಿ ಎಂಟು ಕಂಪ್ಲೇಂಟು ಅರ್ಥ್‌ದೇ" ಎಂದರು. ರಿಲೇಯ ಕಾಲುಗಳ ಸಂಖ್ಯೆಯನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ: ಮೂವತ್ತು ಬ್ಯಾಟ್ರಿ, ಎಂಬತ್ತೇಳು ಲೈಟು, ಎಂಬತ್ತೈದು ಎಂಬತ್ತಾರು ಕಾಯಿಲು. ಅದು ಡಿಐಎನ್ 72552 ಎಂಬ ಜರ್ಮನ್ ಮಾನಕದ ಸಂಖ್ಯೆ, ಅಲ್ಲಿನ ಮೆಕ್ಯಾನಿಕ್ಕೂ ಇದನ್ನೇ ಹೇಳುತ್ತಾನೆ ಎಂದಾಗ ಅವರ ಮುಖ ಅರಳಿತು.

ಸಂಜೆಯ ಹೊತ್ತಿಗೆ ಮುಂದಿನ ಬ್ಯಾಟರಿಯಿಂದ ಗೇಣುದ್ದದೊಳಗೆ 40 ಆಂಪಿಯರ್ ಫ್ಯೂಸ್ ಕೂತಿತ್ತು. ಅಲ್ಲಿಂದ 16 ಎಂಎಂ ವೈರು ಪೈಪಿನೊಳಗೆ, ತೂತಿಗೆ ಗ್ರಾಮೆಟ್, ಸೀಟಿನ ಕೆಳಗೆ 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್. ಇಗ್ನಿಷನ್ ಆನ್ ಇದ್ದಾಗ ಮಾತ್ರ ಅದು ಚಾರ್ಜ್ ಮಾಡುತ್ತದೆ. ಎರಡು ಬ್ಯಾಟರಿಗಳು ಇನ್ನು ಒಂದನ್ನೊಂದು ನೇರ ಮುಟ್ಟುವುದಿಲ್ಲ. ರಾತ್ರಿಯೆಲ್ಲ ಫ್ರಿಜ್ ಓಡಿದರೂ ಬೆಳಿಗ್ಗೆ ಸೆಲ್ಫ್ ಹೊಡೆಯುತ್ತದೆ. ಮೂರು ಗಂಟೆ ಗಾಡಿ ಓಡಿಸಿದರೆ ಒಂದು ದಿನದ ಖರ್ಚು ವಾಪಸ್ಸು.

ಮಾರ್ಚ್ 30, ಯುಗಾದಿ

ಬೇವುಬೆಲ್ಲ, ಒಬ್ಬಟ್ಟು. ಮೇಸ್ತ್ರಿಯ ಮನೆಗೆ ಒಬ್ಬಟ್ಟು ಕೊಟ್ಟು ಬಂದೆವು. ಗಾಡಿಯ ಕೆಲಸಕ್ಕೆ ರಜೆ.

ಏಪ್ರಿಲ್ 6, ಭಾನುವಾರ

ಡೋರ್ ಪ್ಯಾಡ್ ಬಿಚ್ಚಿದೆ. ಅಂಗಡಿಯವರು ಸ್ಪೀಕರ್ ನೆಪದಲ್ಲಿ ಒಮ್ಮೆ ಸ್ಕ್ರೂಡ್ರೈವರ್ ಹಾಕಿ ಮೀಟಿದ್ದರು, ಕ್ಲಿಪ್ಪುಗಳಲ್ಲಿ ಅರ್ಧ ಮುರಿದಿದ್ದವು. ರಸ್ತೆ ಕೆಟ್ಟಲ್ಲೆಲ್ಲ ಎಡಬಾಗಿಲು ಗಡಗಡ ಎನ್ನುತ್ತಿದ್ದುದು ಇದಕ್ಕೇ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನೂ ಹರಿದು ಹಾಗೇ ಬಿಟ್ಟಿದ್ದರು. ಗಾಜಿನ ಸಂದಿಯಿಂದ ಇಳಿಯುವ ಮಳೆನೀರನ್ನು ಬಾಗಿಲಿನ ತಳದ ತೂತುಗಳಿಗೆ ಕಳಿಸುವುದೇ ಆ ಹಾಳೆ. ಅದಿಲ್ಲದಿದ್ದರೆ ನೀರು ಒಳಗೆ ಬಂದು ಮ್ಯಾಟಿನ ಕೆಳಗೆ ನಿಲ್ಲುತ್ತದೆ. ಈಗ ಅದೇ ಮ್ಯಾಟಿನ ಪಕ್ಕ ನನ್ನ ಬ್ಯಾಟರಿ ಇದೆ! ಟ್ರಿಮ್ಮೆಂದರೆ ಅಲಂಕಾರ ಎಂದುಕೊಂಡಿದ್ದೆ, ಅದು ವೈರಿಂಗಿಗೆ ಚರ್ಮ.

ಹೊಸ ಹಾಳೆ ಕತ್ತರಿಸಿ ಬ್ಯೂಟೈಲ್ ಹುರಿಯಿಂದ ಅಂಟಿಸಿದೆ. ಬಾಗಿಲಿನ ತಗಡಿಗೆ ಬ್ಯೂಟೈಲ್ ಶೀಟನ್ನು ಪೂರ್ತಿ ಹೊದಿಸುವ ಅಗತ್ಯವಿಲ್ಲ. ನಡುವಿನ ಕಾಲುಭಾಗಕ್ಕೆ ಒತ್ತಿ ಅಂಟಿಸಿದರೂ ತಗಡು ಮೊರೆಯುವುದು ನಿಲ್ಲುತ್ತದೆ. ಬೆರಳಲ್ಲಿ ಬಡಿದರೆ ಮೊದಲು ತಂಬಿಗೆಯ ಸದ್ದು ಬರುತ್ತಿತ್ತು, ಈಗ ಹಲಗೆಯ ಸದ್ದು. ಟಾಪ್ ಲೈನಿಂಗ್ ಇಳಿಸಿ ಚಾವಣಿಗೆ ಫೋಮ್ ಹಾಳೆ ಕೊಟ್ಟೆ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಉಜ್ಜುವಲ್ಲೆಲ್ಲ ಬಟ್ಟೆಯ ಟೇಪು.

ಮುಂದಿನ ಸೀಟುಗಳ ಕೆಳಗೆ ಹಳದಿ ಕನೆಕ್ಟರುಗಳಿವೆ. ಹಳದಿ ಎಂದರೆ ಏರ್‌ಬ್ಯಾಗು, ಬೆಲ್ಟು. ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟು ಸುಮಾರು ಹೊತ್ತು ಕಾದ ಮೇಲೇ ಆ ಕಡೆ ಕೈ ಹಾಕಿದೆ. ಕನೆಕ್ಟರುಗಳನ್ನು ಮುಟ್ಟಲಿಲ್ಲ.

ಏಪ್ರಿಲ್ 20, ಭಾನುವಾರ

ಕುಷನ್ ಕೆಲಸದವರು ಹಿಂದಿನ ಸೀಟಿನ ಜಾಗಕ್ಕೆ 12 ಎಂಎಂ ಮರೈನ್ ಪ್ಲೈ ಹಲಗೆ ಕೂರಿಸಿ ಕಪ್ಪು ಬಟ್ಟೆ ಹೊದಿಸಿಕೊಟ್ಟರು. ಫ್ರಿಜ್ಜಿಗೆ ನಾಲ್ಕು ಬೆಲ್ಟು. ಸೀಟಿನ ಬೋಲ್ಟುಗಳ ತೂತನ್ನೇ ಬಳಸಿದ್ದೇವೆ, ಬೇಕೆಂದ ದಿನ ಸೀಟು ವಾಪಸ್ ಹಾಕಬಹುದು. ಹೊಲಿಗೆ ಎಷ್ಟು ನೇರವಾಗಿದೆಯೆಂದರೆ ಹೊಗಳದೆ ಇರಲಾಗಲಿಲ್ಲ.

ಏಪ್ರಿಲ್ 26, ಶನಿವಾರ
ಸಿಂಧನೂರು

ಸ್ಪಿತಿಯ ಚಳಿಗಿಂತ ಮೊದಲು ನಾವು ದಾಟಬೇಕಾದ್ದು ನಾಗಪುರ, ಝಾನ್ಸಿ, ಗ್ವಾಲಿಯರಿನ ಬಿಸಿಲು. ಅದಕ್ಕೇ ಪರೀಕ್ಷೆಗೆ ಮಲೆನಾಡು ಬೇಡವೆಂದು ನಾದಿನಿಯ ಊರಿಗೆ ಬಂದೆವು. ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್. ನೆರಳಿನಲ್ಲೇ 41 ಡಿಗ್ರಿ. ಫ್ರಿಜ್ಜಿನಲ್ಲಿ ಇನ್ಸುಲಿನ್ ಇಟ್ಟಿಲ್ಲ. ನೀರು ತುಂಬಿದ ಪುಟ್ಟ ಶೀಶೆಗಳಿವೆ, ಮೂಲೆಗೊಂದರಂತೆ ತಾಪ ಬರೆದಿಟ್ಟುಕೊಳ್ಳುವ ಮೀಟರುಗಳು. ನಿಜವಾದ ಔಷಧ ನಾದಿನಿಯ ಅಡುಗೆಮನೆಯಲ್ಲಿ.

"ವೈನಿ, ಮನ್ಯಾಗ ಫ್ರಿಜ್ ಇದ್ರೂ ಗಾಡ್ಯಾಗ ನೀರ ಕಾಯ್ತೀರೇನು ರಾತ್ರಿಯೆಲ್ಲ?" ಎಂದು ಕೇಳಿದಳು. ಯಾಕೆಂದು ವಿವರಿಸಿದ ಮೇಲೆ ತಾನೇ ಎರಡು ತಾಸಿಗೊಮ್ಮೆ ಬಂದು ಮೀಟರ್ ಓದಿ ಚೀಟಿಯಲ್ಲಿ ಬರೆದಿಟ್ಟಳು. ಅಣ್ಣನ ಔಷಧವೆಂದರೆ ಅವಳಿಗೂ ನಿದ್ದೆಯಿಲ್ಲ.

ಏಪ್ರಿಲ್ 27, ಭಾನುವಾರ

ಇಪ್ಪತ್ತನಾಲ್ಕು ಗಂಟೆಯ ಲೆಕ್ಕ: ಫ್ರಿಜ್ 57 ಆಂಪಿಯರ್-ಅವರ್ ತಿಂದಿದೆ. ನಾನು ಹಿಡಿದಿದ್ದು 48. ದೀಪ, ಫ್ಯಾನು 8. ಅಂಗಳದಲ್ಲಿ ಬಿಚ್ಚಿಟ್ಟ 100 ವ್ಯಾಟಿನ ಸೋಲಾರ್ ಹಾಳೆ 26 ವಾಪಸ್ ತುಂಬಿದೆ. ಬ್ಯಾಟರಿಯಲ್ಲಿ ಇನ್ನೂ ಶೇ 61 ಇದೆ. ವೈರು, ಲಗ್ಗು, ಫ್ಯೂಸ್ ಹೋಲ್ಡರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ, ಎಲ್ಲೂ ಬಿಸಿಯಿಲ್ಲ. ಹಲಗೆಯ ಕೆಳಗಿನ ಬ್ಯಾಟರಿ ಮಾತ್ರ ಮಧ್ಯಾಹ್ನ 43 ಡಿಗ್ರಿ ಮುಟ್ಟಿತ್ತು. ಚಾರ್ಜಿಂಗಿಗೆ ಅದರ ಮೇಲೆ ಅಚ್ಚಾಗಿರುವ ಮಿತಿ 45. ಹಲಗೆಗೆ ಗಾಳಿಯ ಕಿಂಡಿ ಕೊರೆಸಬೇಕು.

ಇಷ್ಟೆಲ್ಲ ಸರಿಯಾಗಿ, ಕೊನೆಗೆ ಮೀಟರುಗಳನ್ನು ತೆಗೆದು ನೋಡಿದಾಗ ಎದೆ ಧಸಕ್ಕೆಂದಿತು. ಫ್ರಿಜ್ಜಿನ ಮೇಲೆ 4 ಡಿಗ್ರಿ ಎಂದು ತೋರಿಸುತ್ತಿದ್ದ ರಾತ್ರಿಯೆಲ್ಲ, ತಂಪು ಹರಿಯುವ ಗೋಡೆಗೆ ಆತುಕೊಂಡ ಮೂಲೆಯ ಮೀಟರು ಎರಡು ಬಾರಿ ಸೊನ್ನೆಗಿಂತ ಒಂದು ಡಿಗ್ರಿ ಕೆಳಗಿಳಿದಿದೆ. ಅಲ್ಲಿಯ ಶೀಶೆಯಲ್ಲಿ ಎಳೆ ಮಂಜು. ಬಿಸಿಲಿಗೆ ಹೆದರಿ ಮೂರು ತಿಂಗಳು ದುಡಿದೆ. ಔಷಧ ಕೆಡಬಹುದಾಗಿದ್ದುದು ಚಳಿಯಿಂದ, ಅದೂ ಫ್ರಿಜ್ಜಿನೊಳಗಿನ ಚಳಿಯಿಂದ.

ಇವರು ಆ ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿ ಏನೂ ಹೇಳದೆ ನನ್ನ ಕೈಗೆ ಕೊಟ್ಟರು. ನನಗಿಂತ ಇವರಿಗೆ ಗೊತ್ತು, ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೋಡಲು ಹಲವು ಸಲ ಮೊದಲಿನಂತೆಯೇ ಇರುತ್ತದೆ. ಚುಚ್ಚಿಕೊಂಡ ಮೇಲಷ್ಟೇ ತಿಳಿಯುವುದು.

ಮೇ 4, ಭಾನುವಾರ
ಶಿವಮೊಗ್ಗ

ಒಂದು ವಾರದಿಂದ ಅಂಗಳದಲ್ಲೇ ಮರುಪರೀಕ್ಷೆ. ಫ್ರಿಜ್ಜಿನ ಗೋಡೆಗೂ ತಳಕ್ಕೂ ಫೋಮ್ ತುಂಡು, ನಡುವೆ ತಂತಿಯ ಬುಟ್ಟಿ, ಬುಟ್ಟಿಯಲ್ಲಿ ಮುಚ್ಚಳವಿರುವ ಡಬ್ಬಿ, ಸುತ್ತ ನೀರಿನ ಬಾಟಲಿಗಳು. ಸೆಟ್ಟಿಂಗ್ 5. ಡಬ್ಬಿಯೊಳಗೆ ಏಳು ದಿನದಲ್ಲಿ ಅತಿ ಕಡಿಮೆ 3.6, ಅತಿ ಹೆಚ್ಚು 6.8. ಎಲ್ಲವೂ ಕೈಕೊಟ್ಟರೆಂದು ನೀರಲ್ಲಿ ನೆನೆಸಿ ಬಳಸುವ ತಂಪು ಚೀಲವನ್ನೂ ತಂದಿಟ್ಟಿದ್ದೇನೆ.

ವೈರಿಂಗಿನ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಬದಿಗೆ ಅಂಟಿಸಿದೆ. ಒಂದು ಫ್ರಿಜ್, ಎರಡು ದೀಪ, ಮೂರು ಫ್ಯಾನು, ನಾಲ್ಕು ಫೋನ್ ಚಾರ್ಜರ್. ಅಷ್ಟು ಎತ್ತರದಲ್ಲಿ ತಲೆನೋವು, ವಾಂತಿ ಹತ್ತಿ ಮಲಗುವವಳು ನಾನೇ ಆಗಿರಬಹುದು. ಆಗ ಗಾಡಿ ನನ್ನನ್ನು ಕೇಳದೆ ಇವರ ಮಾತು ಕೇಳಬೇಕು.

ಊಟವಾದ ಮೇಲೆ ಇವರಿಗೆ ತಿಳಿಸದೆ ಫ್ರಿಜ್ಜಿನ ಜಾಗದಲ್ಲಿ ಸುಟ್ಟ ಫ್ಯೂಸ್ ಹಾಕಿ ಬಂದು, "ಫ್ರಿಜ್ ನಿಂತಿದೆ, ನಾನು ಮಲಗಿದ್ದೇನೆ ಅಂದುಕೊಳ್ಳಿ" ಎಂದೆ. ಟಾರ್ಚ್ ಹಿಡಿದು ಹೋದರು. ನಾನು ಜಗಲಿಯ ಕತ್ತಲಲ್ಲಿ ಕೂತೆ. ಮುಚ್ಚಳ ತೆಗೆದ ಸದ್ದು ಬಂತು. ಆಮೇಲೆ ಇವರು ಪಾಠ ಓದುವ ದನಿಯಲ್ಲಿ ನಕ್ಷೆ ಓದಿಕೊಳ್ಳುತ್ತಿರುವುದು ಕೇಳಿಸಿತು: ಬ್ಯಾಟರಿ, ಮುಖ್ಯ ಫ್ಯೂಸ್, ಒಂದು ಫ್ರಿಜ್, 15 ಆಂಪಿಯರ್, ನೀಲಿ ಬಣ್ಣ. ಸ್ವಲ್ಪ ಹೊತ್ತು ಮೌನ. ಕಂಪ್ರೆಸರ್ ಗುರ್ರೆಂದು ಎದ್ದಿತು. "ನೀಲಿ ಬಣ್ಣದ್ದು ಇನ್ನೆರಡು ಎಕ್ಸ್‌ಟ್ರಾ ತರಬೇಕು" ಎಂದು ಅಲ್ಲಿಂದಲೇ ಕೂಗಿ ಹೇಳಿದರು.